ಒಳಮುಖವಾಗಿ ಬಿಟ್ಟ ಚಪ್ಪಲಿ

ಜಪಾನಿನ ಕೋಯಾ ಬೆಟ್ಟದ ಆ ಮಠದಲ್ಲಿ ಅತಿಥಿಗಳ ಕೊನೆಯ ಕೋಣೆಯಲ್ಲಿ ಬೆಳಗಿನ ಗಂಟೆಯವರೆಗೆ ಯಾರೂ ಉಳಿದದ್ದಿಲ್ಲ. ಗೆಳೆಯ ಕುರಾಮೊಚಿಯೂ ಓಡಿಬಂದವನೇ.

“ನೀನೂ ಓಡ್ತೀಯ, ಮುದಿಯ. ಓಡ್ಲಿಲ್ಲ ಅಂದ್ರೆ ಸಾಯೋವರೆಗೂ ನಿನ್ನನ್ನ ‘ಗುರುಗಳೇ’ ಅಂತೀನಿ” ಅಂದ.

ಬಿಟ್ಟ ಚಪ್ಪಲಿಯನ್ನು ಹೊರಡುವಾಗ ಅನುಕೂಲವಾಗಲೆಂದು ಹೊರಮುಖ ಮಾಡಿಡುವುದು ನಮ್ಮ ಪದ್ಧತಿ. ಆ ರಾತ್ರಿ ಆ ಕೋಣೆಯ ಬಾಗಿಲಲ್ಲಿ ನಾನು ಹಟಕ್ಕೆ ಒಳಮುಖವಾಗಿ ಬಿಟ್ಟೆ. ಯಾರೋ ತಿರುಗಿಸಿಟ್ಟರು. ಮತ್ತೆ ಒಳಮುಖ ಮಾಡಿದೆ, ಮತ್ತೆ ತಿರುಗಿತು. ಮುಟ್ಟಿದರೆ ಪಾದ ಊರುವ ಕಡೆಯೆಲ್ಲ ತಣ್ಣನೆಯ ಒದ್ದೆ. ಮೂರನೆಯ ಸಲ ಒಳಮುಖ ಮಾಡುವಾಗ ರೇಗಿಹೋಯಿತು.

“ನಾ ಹೋಗಲ್ಲ ಕಣಪ್ಪ. ಅಷ್ಟು ಅವಸರ ಇದ್ರೆ ನೀನೇ ಹೊರಡು” ಎಂದು ಗದರಿ ಮಲಗಿಬಿಟ್ಟೆ.

ಗಂಟೆ ಹೊಡೆದಾಗ ಎದ್ದು ನೋಡಿದೆ. ಚಪ್ಪಲಿ ಒಳಮುಖವಾಗಿಯೇ ಇತ್ತು. ಅಂಗಳ ದಾಟುವ ಧೈರ್ಯವಿಲ್ಲದ ಕುರಾಮೊಚಿ ಹೆಬ್ಬಾಗಿಲಲ್ಲೇ ನಡು ಬಗ್ಗಿಸಿ, “ಗುರುಗಳೇ” ಅಂದ.

ನನ್ನ ಬಾಗಿಲಿನಿಂದ ಅವನ ಪಕ್ಕದವರೆಗೆ ರಾತ್ರಿ ಬಿದ್ದ ಹಿಮದಲ್ಲಿ ಬರಿಗಾಲ ಹೆಜ್ಜೆಗಳಿದ್ದವು. ಎಲ್ಲವೂ ಹೊರಗೆ ಹೋದವು. ಒಳಗೆ ಬಂದದ್ದು ಒಂದೂ ಇರಲಿಲ್ಲ.