ಚೀಲದಲ್ಲಿ ಅಲುಗಿದ್ದು

ಐದನೇ ದಿನವೂ ಅವನು ಬಂದ. ಅದೇ ಕ್ಯಾನ್ವಾಸ್ ಚೀಲ, ಅದೇ ಕಾಲುದಾರಿ, ನಿಂತು ನಿಂತು ಹಿಂದೆ ತಿರುಗುವ ಅದೇ ಕಳ್ಳನೋಟ.

ಓಕ್ ಮರದ ಮರೆಯಲ್ಲಿದ್ದ ಲೆನೋರಾ ಉಸಿರು ಬಿಗಿಹಿಡಿದಳು. ಕೆರೊಲಿನಾ ಕರಾವಳಿಯ ಈ ಮರಳುದ್ವೀಪದಲ್ಲಿ ಉಪ್ಪುಗಾಳಿಗೆ ಬಾಗಿ ಬಾಗಿ ಮರಗಳೆಲ್ಲ ನೆಲಕ್ಕೆ ಮೊಣಕೈ ಊರಿದ್ದವು. ಅವುಗಳ ಕಾವಲಿಗೆ ಅವಳು ಸೇರಿ ಹನ್ನೆರಡು ವರ್ಷ. ಕಳೆದ ಬೇಸಿಗೆಯಲ್ಲಿ ಸವಿಮಾತಿನವನೊಬ್ಬ ಬಂದಿದ್ದ. ಅವನಿಗೆ ತಾನೇ ಕಾಡು ಸುತ್ತಿಸಿ, ಮನೆಗೆ ಕರೆದು ಸೀಗಡಿ ಹುರಿದು ಬಡಿಸಿದ್ದಳು. ಕೊನೆಗೆ ದೋಣಿಕಟ್ಟೆಯಲ್ಲಿ ಅವನ ಸೂಟ್‌ಕೇಸಿನೊಳಗೆ ಸಿಕ್ಕಿದ್ದು ಕಾಡಿನಿಂದ ಕದ್ದು ಕಾಲುಚೀಲಗಳಲ್ಲಿ ತುರುಕಿದ್ದ ಹನ್ನೊಂದು ಆಮೆ. ಅಂದಿನಿಂದ ಚೆಂದ ನಗುವವರನ್ನು ಕಂಡರೆ ಅವಳಿಗಾಗದು.

ಇವನು ನಕ್ಕರೋ, ಒಂದೇ ಕೆನ್ನೆಗೆ ಗುಳಿ ಬೀಳುತ್ತಿತ್ತು. ಅದೂ ಅನುಮಾನಕ್ಕೆ ಸೇರಿತು.

“ನಾಲ್ಕು ದಿನದಿಂದ ಅವನ ಹಿಂದೇನೇ ಸುತ್ತುತ್ತಿದ್ದೀಯಲ್ಲೇ,” ಎಂದು ಗೇಟಿನಲ್ಲಿ ಕೂರುವ ಮುದುಕಿ ಹೇಝಲ್ ಬೆಳಿಗ್ಗೆಯಷ್ಟೇ ಕಿಚಾಯಿಸಿದ್ದಳು.

“ಡ್ಯೂಟಿ, ಮಿಸ್ ಹೇಝಲ್.”

“ಹೂಂ. ಡ್ಯೂಟಿಗೆ ಲಿಪ್‌ಸ್ಟಿಕ್ ಬೇರೆ.”

ಇಷ್ಟು ದಿನ ಪೊದೆಯ ಮರೆಗೆ ಸರಿಯುತ್ತಿದ್ದವನು ಈಗ ಅವಳ ಕಣ್ಣಿಗೆ ಬೀಳುವಂತೆಯೇ ಮಂಡಿಯೂರಿ ಚೀಲ ಬಿಚ್ಚಿದ. ಒಳಗೇನೋ ಅಲುಗಿತು.

“ಕೈ ತೆಗೀರಿ ಅದರಿಂದ!” ಲೆನೋರಾ ಒಂದೇ ನೆಗೆತಕ್ಕೆ ಎದುರು ನಿಂತಳು. ಚೀಲದಲ್ಲಿ ಆಮೆ! ಮತ್ತೊಮ್ಮೆ ಅದೇ.

“ಇದು ಕದ್ದಿದ್ದಲ್ಲ ಮೇಡಂ. ಅಂದ್ರೆ... ಕದ್ದಿದ್ದೇ. ನಮ್ಮಮ್ಮ ಕದ್ದಿದ್ದು, ಐವತ್ತು ವರ್ಷದ ಹಿಂದೆ.”

ಹೆಸರು ವೆಂಡೆಲ್, ಒಳನಾಡಿನ ಡರ್ಹಮ್‌ನಲ್ಲಿ ಪಿಯಾನೊ ರಿಪೇರಿ ಮಾಡುವವನು. ಬಿರುಗಾಳಿಗೆ ಮನೆ ಕಳೆದುಕೊಂಡು ಈ ದ್ವೀಪ ಬಿಟ್ಟಾಗ ಅವನ ತಾಯಿ ಒಂಬತ್ತರ ಹುಡುಗಿ. ಫ್ರಾಕಿನಲ್ಲಿ ಈ ಆಮೆಯನ್ನು ಬಚ್ಚಿಟ್ಟುಕೊಂಡು ಹೋಗಿದ್ದಳು. ಫೆಬ್ರವರಿಯಲ್ಲಿ ತೀರಿಕೊಳ್ಳುವಾಗ, ಇದನ್ನು ಊರಿಗೆ ಸೇರಿಸೆಂದಿದ್ದಳಂತೆ.

“ಕಥೆ ಚೆನ್ನಾಗಿದೆ. ನಂಬೋದು ಹೇಗೆ?”

ಅವನು ಜೇಬಿನಿಂದ ಸ್ಟ್ರಾಬೆರಿ ತೆಗೆದು ಲೊಚಗುಟ್ಟಿದ. ಕಾಡಿನ ಆಮೆಯಾಗಿದ್ದರೆ ಚಿಪ್ಪು ಮುಚ್ಚಿಕೊಳ್ಳಬೇಕಿತ್ತು. ಇದು ಕತ್ತು ಚಾಚಿ, ತರಗೆಲೆ ಸರಸರ ಎನಿಸುತ್ತ ಅವನ ಬೆರಳಿಗೇ ಬಂತು.

ಲೆನೋರಾ ಮೆತ್ತಗಾದಳು. ಆದರೂ ಬಿಡಲಿಲ್ಲ. “ಸಾಕಿದ್ದನ್ನ ಬಿಟ್ರೆ ಕಾಡಿನವಕ್ಕೆ ರೋಗ ಅಂಟತ್ತೆ, ಬಿಡಬಾರದು ಅಂತ ಗೇಟಲ್ಲೇ ಬೋರ್ಡಿದೆ. ಓದಿಲ್ವಾ?”

“ಮೊದಲನೇ ದಿನಾನೇ ಓದ್ದೆ. ಅದಕ್ಕೇ ಬಿಡಲಿಲ್ಲ. ಮಣ್ಣು ಮೂಸಿಸಿ ವಾಪಸ್ ಒಯ್ತಿದ್ದೆ.”

“ಮತ್ತೆ ನನ್ನನ್ನ ಕೇಳೋಕೇನಾಗಿತ್ತು? ಐದು ದಿನ ಬೇಕಾ?”

ವೆಂಡೆಲ್ ಆಮೆಯ ಚಿಪ್ಪಿಗಂಟಿದ ಮರಳು ಒರೆಸತೊಡಗಿದ. ಕಿವಿ ಕೆಂಪಾಗಿತ್ತು.

“ಹೇಳ್ರೀ. ಇನ್ನೇನೋ ಮುಚ್ಚಿಡ್ತಿದ್ದೀರ.”

“ಮೊದಲನೇ ದಿನ ಕೇಳೋಣ ಅಂತಾನೇ ಬಂದೆ. ದಾರಿ ಬಿಟ್ಟು ಕಾಲಿಡಬೇಡಿ ಅಂತ ಗದರಿದ್ರಿ. ಗದರಿ ಹೋಗ್ತಾ, ದಾರಿಗಡ್ಡ ಇದ್ದ ಒಂದು ಹುಳಾನ ಎಲೆ ಮೇಲೆ ಹತ್ತಿಸ್ಕೊಂಡು ಪಕ್ಕಕ್ಕೆ ಬಿಟ್ರಿ.” ಅವನು ತಲೆ ಎತ್ತಲಿಲ್ಲ. “ಕೇಳಿಬಿಟ್ರೆ, ಮಾರನೇ ದಿನ ಬರೋಕೆ ನೆಪ ಇರಲ್ಲ ಅನ್ನಿಸ್ತು.”

ನಂಬಿ ಸುಟ್ಟುಕೊಂಡ ಲೆನೋರಾಳ ಮನಸ್ಸು ಬೇಡ ಬೇಡ ಎನ್ನುತ್ತಿತ್ತು. ಕೈ ಮಾತ್ರ ಆಮೆಯನ್ನು ಎತ್ತಿಕೊಂಡಿತು.

“ಇದು ಆಫೀಸಿನ ಹಿಂದಿನ ಬೇಲಿಯೊಳಗೆ ಇರತ್ತೆ. ಮಣ್ಣು ಈ ದ್ವೀಪದ್ದೇ. ಸಾಕಿದವರು ಪ್ರತಿ ಶನಿವಾರ ಬಂದು ನೋಡ್ಕೊಂಡು ಹೋಗಬೇಕು. ಅದು ರೂಲ್ಸು.”

“ಹಾಗೊಂದು ರೂಲ್ಸ್ ಇದೆಯಾ?” ಈಗ ಅನುಮಾನಿಸುವ ಸರದಿ ಅವನದು.

“ಇವತ್ತಿಂದ ಇದೆ,” ಎಂದಳು ಲೆನೋರಾ.