ಬೀರುವಿನ ಬೀಗದ ಅಳತೆ

ಆ ಚಿನ್ನದ ಗಡಿಯಾರಕ್ಕೆ ಜೀವ ಕೊಟ್ಟವನು ತಾನು, ಹೆಸರು ಮಾತ್ರ ಯಜಮಾನರದು. ಗಡಿಯಾರದಂಗಡಿಯ ರಿಪೇರಿಯವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿದ್ದು ಅಲ್ಲಿಂದ. ಯಾರೋ ಬಿಟ್ಟುಹೋಗಿ, ಮತ್ತೆ ಯಾರೂ ಕೇಳಿಕೊಂಡು ಬಾರದ ಜೇಬುಗಡಿಯಾರ ಅದು. ಹಲ್ಲು ಮುರಿದ ಚಕ್ರದ ಬದಲು ಹೊಸದನ್ನು ಅವನು ಕೈಯಾರೆ ಅರದಿಂದ ಉಜ್ಜಿ ಮಾಡಿದ್ದ. ಅದು ಟಿಕ್ ಅಂದ ದಿನ ಅವನಿಗೆ ಅಳುವೇ ಬಂದಿತ್ತು. ಯಜಮಾನರೋ ಬಂದ ಗಿರಾಕಿಗಳಿಗೆಲ್ಲ ತೋರಿಸಿ, "ನಮ್ಮ ಅಂಗಡೀಲಿ ಆದ ಕೆಲಸ" ಎಂದು ಬೀಗಿ, ಬೀರುವಿನೊಳಗಿಟ್ಟು ಬೀಗ ಹಾಕಿಬಿಟ್ಟರು. ಇವನ ಕಡೆ ಒಮ್ಮೆಯೂ ಕೈ ತೋರಿಸಲಿಲ್ಲ.

ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ಮಲಗಿದರೂ "ಏನಾಯ್ತು" ಅನ್ನುವವರಿಲ್ಲ. ಆ ಗಡಿಯಾರದ ಸದ್ದಾದರೂ ದಿಂಬಿನ ಪಕ್ಕ ಇರಲಿ ಅನ್ನಿಸಿತು. ಮಾರುವ ಯೋಚನೆ ಇರಲಿಲ್ಲ. ಬೇಕು, ಅಷ್ಟೆ.

ಯಜಮಾನರು ಕೀಗೊಂಚಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಊಟಕ್ಕೆ ಮನೆಗೆ ಹೋಗುವಾಗಲೂ ಅದು ಕೋಟಿನ ಜೇಬಿನಲ್ಲೇ. ವಾಪಸು ಬಂದು, ಕೋಟನ್ನು ಗೂಟಕ್ಕೆ ಸಿಕ್ಕಿಸಿ, ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯುವಷ್ಟು ಹೊತ್ತು ಮಾತ್ರ ಅದು ಅವನ ಕೈಗೆ ಎಟುಕುತ್ತಿತ್ತು. ಅಷ್ಟರಲ್ಲಿ ಬೀರು ತೆರೆಯುವಂತಿಲ್ಲ. ಅದರ ಬಾಗಿಲು ಕಿರ್ರೆಂದು ಬೀದಿಗೆಲ್ಲ ಸಾರುತ್ತದೆ. ಕೀ ಕದ್ದಿಟ್ಟುಕೊಳ್ಳೋಣವೆಂದರೆ, ಸಂಜೆ ಬೀರು ತೆರೆದು ನೋಡದೆ ಯಜಮಾನರು ಮನೆಗೆ ಹೋಗುವವರಲ್ಲ. ನಕಲು ಮಾಡಿಸೋಣವೆಂದರೆ ಎದುರಿನ ಕೀ ಮಾಡುವವನ ಬಾಯಲ್ಲಿ ಏನೂ ನಿಲ್ಲದು. ಆದರೆ ಗೊಂಚಲಿನಿಂದ ಒಂದು ಕೀ ಬಿಡಿಸಿ ಇನ್ನೊಂದನ್ನು ಸೇರಿಸಲು ಅಷ್ಟು ಹೊತ್ತು ಧಾರಾಳವಾಗಿ ಸಾಕು. ಹಾಗಾದರೆ ಬೀಗವನ್ನೇ ಬದಲಿಸಿದರಾಯಿತು!

ಒಂದು ಬೆಳಿಗ್ಗೆ ಬೀರು ತೆರೆದಿತ್ತು, ಯಜಮಾನರು ಗಿರಾಕಿಯ ಜೊತೆ ಮಾತಿಗೆ ಬಿದ್ದಿದ್ದರು. ಚಕ್ರ ಅಳೆಯುವ ಕ್ಯಾಲಿಪರನ್ನೇ ಅವನು ಬೀಗಕ್ಕೆ ಹಿಡಿದ. ತೂತಿನ ಅಗಲ ಹತ್ತೊಂಬತ್ತು ಮಿಲಿಮೀಟರ್. ಹಲಗೆಯ ದಪ್ಪ, ಬಾಗಿಲಂಚಿನಿಂದ ಬೀಗದ ನಡುವಿಗಿರುವ ದೂರ, ಒಳಗಿನ ನಾಲಿಗೆಯ ಉದ್ದ, ಅದು ತಿರುಗುವ ದಿಕ್ಕು, ಎಲ್ಲವನ್ನೂ ತಲೆಯಲ್ಲೇ ಗುರುತು ಹಾಕಿಕೊಂಡ.

"ಏನಯ್ಯಾ, ಬೀರುವಿಗೂ ನಾಡಿ ನೋಡ್ತಿದ್ದೀಯಾ?" ಯಜಮಾನರು ತಿರುಗಿ ನಕ್ಕರು.

"ಬೀಗ ಸಡಿಲ ಆಗಿದೆ ಅನ್ನಿಸ್ತು ಯಜಮಾನ್ರೇ. ಬೇರೆ ಹಾಕ್ಬೇಕೇನೋ ಅಂತ ಅಳತೆ ತಗೊಂಡೆ. ಬೇಡ, ಗಟ್ಟಿಯಾಗೇ ಇದೆ."

"ಅದು ನಮ್ಮಿಬ್ರನ್ನೂ ಕಳಿಸಿಕೊಟ್ಟೇ ಹೋಗೋದು ಬಿಡು."

ದೂರದ ಪೇಟೆಯಲ್ಲಿ, ಗುರುತಿಲ್ಲದ ಅಂಗಡಿಯಲ್ಲಿ, ಅದೇ ಕಂಪನಿಯ ಅದೇ ಅಳತೆಯ ಬೀಗ ಸಿಕ್ಕಿತು. ಬೀಗವನ್ನೂ ಕೀಯನ್ನೂ ಮರಳುಕಾಗದದಲ್ಲಿ ತಿಕ್ಕಿ, ಎಣ್ಣೆಕೊಳೆ ಮೆತ್ತಿ ಹಳತು ಮಾಡಿದ. ಯಜಮಾನರು ಊಟಕ್ಕೆ ಹೋದ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಹಳೆಯ ಬೀಗವನ್ನು ಕೊರೆದು ಕಿತ್ತ. ಗಡಿಯಾರ ತೆಗೆದುಕೊಂಡು, ಅದರ ಡಬ್ಬಿಯಲ್ಲಿ ಹಳದಿ ಬಣ್ಣದ ಅಗ್ಗದ ಗಡಿಯಾರವೊಂದನ್ನು ಇಟ್ಟ. ಹೊಸ ಬೀಗ ಹೇಳಿ ಮಾಡಿಸಿದಂತೆ ಕೂತಿತು. ಲೋಹದ ಪುಡಿಯನ್ನು ಗುಡಿಸಿ ತೆಗೆದ. ಯಜಮಾನರು ಬಂದು ಮುಖ ತೊಳೆಯುವಷ್ಟರಲ್ಲಿ ಗೊಂಚಲಿನ ಕೀಯೂ ಬದಲಾಯಿತು. ಸಂಜೆ ಅವರು ಬೀರು ತೆರೆದು, ಡಬ್ಬಿಯ ಮೇಲೆ ಕಣ್ಣಾಡಿಸಿ, ಬೀಗ ಹಾಕಿ ಹೊರಟರು.

ಗಡಿಯಾರ ಈಗ ಅವನ ದಿಂಬಿನ ಪಕ್ಕ ನಡೆಯುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲವಲ್ಲ ಎಂದು ಸಂಕಟವಾಯಿತು. ಹೇಳಿಕೊಳ್ಳಬಹುದಾದವರು ಇಡೀ ಊರಿನಲ್ಲಿ ಯಜಮಾನರೊಬ್ಬರೇ.

ಕೆಲವು ದಿನ ಕಳೆದು ಯಜಮಾನರು ಅವನನ್ನು ಎದುರಿಗೆ ಕೂರಿಸಿಕೊಂಡರು. "ಕಣ್ಣು ಸೋತುಹೋಯ್ತು ಕಣೋ, ಇನ್ನು ನನ್ನ ಕೈಲಾಗಲ್ಲ. ನಾಳೆಯಿಂದ ಅಂಗಡಿ ನಿಂದು. ಆ ಗಡಿಯಾರಾನೂ ನಿಂದೇ, ಬೇರೆಯವ್ರ ಪಾಲಾಗ್ಬಾರ್ದು ಅಂತ ಒಳಗಿಟ್ಟಿದ್ದೆ. ನೀನೇ ತೆಗಿ." ಅವರು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಒಂಟಿ ಕೀ ಇತ್ತು. "ಬೀಗದ ಜೊತೆ ಬಂದ ಇನ್ನೊಂದು ಕೀ. ನನ್ನ ಹೆಂಡ್ತಿ ತೀರ್ಕೊಂಡ ಮೇಲೂ ಅವಳ ಪೆಟ್ಟಿಗೇಲೇ ಇತ್ತು. ಇವತ್ತು ನಿನಗೆ ಅಂತ ತಂದೆ." ಅವನು ಎದ್ದು ಬೀರುವಿನ ಮುಂದೆ ನಿಂತ. ಕೀ ಅರ್ಧಕ್ಕೇ ನಿಂತಿತು. "ಒತ್ತಿ ತಿರುಗಿಸೋ" ಎಂದರು ಯಜಮಾನರು. ಅವನು ಒತ್ತಿದ, ಕೀ ಮುಂದೆ ಹೋಗಲಿಲ್ಲ. ಅವರು ಹತ್ತಿರ ಬಂದು, ಗೊಂಚಲು ತೆಗೆದು, ಎರಡು ಕೀಗಳನ್ನೂ ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಹಿಡಿದರು. ಒಂದರ ಹಲ್ಲು ಇನ್ನೊಂದಕ್ಕೆ ಹೊಂದಲಿಲ್ಲ. ಆಮೇಲೆ ಅವರು ಅವನ ಮುಖ ನೋಡಿದರು.