ತೀರಿಕೊಂಡವಳ ರೆಕಾರ್ಡುಗಳು

"ಈ ಟ್ರಂಪೆಟ್ ರೆಕಾರ್ಡಿನ ಎರಡನೇ ಬದಿ ಕೇಳುವಾಗೆಲ್ಲ, ಯಾರದೋ ಅಡುಗೆಮನೆಯಲ್ಲಿ ಕೂತು, ಎದ್ದು ಹೋಗಲು ಮನಸ್ಸಿಲ್ಲದೆ ಕಾಫಿ ತಣ್ಣಗಾಗಿಸಿಕೊಂಡ ಹಾಗೆ ಅನ್ನಿಸುತ್ತದೆ..."

ರೇಡಿಯೋದಲ್ಲಿ ಗಂಡು ದನಿಯೊಂದು ಓದುತ್ತಿತ್ತು. ಹೊಲಿಗೆ ಮೆಷಿನ್ನಿನ ಮೇಲಿದ್ದ ನಿವೆಸಳ ಕೈ ಹಾಗೇ ನಿಂತುಹೋಯಿತು.

ಅದು ಅವಳ ಮಾತು! ನಾಲ್ಕು ವರ್ಷದ ಹಿಂದೆ ಅವಳೇ ಕೈಯಾರೆ ಬರೆದು, ರೆಕಾರ್ಡಿನ ಕವರಿನೊಳಗೆ ಇಟ್ಟ ಚೀಟಿ!

"ಏನಾಯ್ತೇ? ದೆವ್ವ ಕಂಡೋರ ಹಾಗೆ ಕೂತಿದೀಯ?" ಎಂದಳು ಎದುರು ಮೇಜಿನಲ್ಲಿ ಹಾಯಿಬಟ್ಟೆ ಕತ್ತರಿಸುತ್ತಿದ್ದ ಅವಳ ಚಿಕ್ಕಮ್ಮ ಲ್ಯೂಬಾ. ನಿವೆಸ್ ಅವಳನ್ನು ತಮ್ಮ ಭಾಷೆಯಲ್ಲಿ ತೇತಾ ಎಂದೇ ಕರೆಯುವುದು. ಫ್ರೀಮ್ಯಾಂಟಲ್ ಬಂದರಿನ ಅರ್ಧಕ್ಕರ್ಧ ದೋಣಿಗಳ ಹಾಯಿ ಹೊಲಿಯುವವರು ಈ ಇಬ್ಬರೇ.

"ತೇತಾ... ನನ್ನ ರೆಕಾರ್ಡ್ ಕದ್ದ ಕಳ್ಳ ಸಿಕ್ಕಿದ!"

ಕದ್ದ ಅನ್ನುವುದು ಪೂರ್ತಿ ನ್ಯಾಯವಲ್ಲ ಬಿಡಿ. ಮೂರು ತಿಂಗಳ ಹಿಂದೆ ನಿವೆಸ್ ಮನೆ ಬದಲಾಯಿಸಿದ್ದಳು. ಪಿಕಪ್ ಗಾಡಿಗೆ ಏರಿಸಲೆಂದು ಎರಡು ಹಾಲಿನ ಕ್ರೇಟ್ ತುಂಬ ರೆಕಾರ್ಡುಗಳನ್ನು ರಸ್ತೆಬದಿಯ ಹುಲ್ಲಿನ ಮೇಲಿಟ್ಟು, ಮೇಜಿನ ದೀಪ ತರಲು ಒಳಗೆ ಹೋದಳು. ಅದು ಊರಿನವರೆಲ್ಲ ಬೇಡದ ಸಾಮಾನನ್ನು ರಸ್ತೆಬದಿಗೆ ಇಡುವ ವಾರ! ಕೌನ್ಸಿಲ್ಲಿನ ಲಾರಿ ಬರುವ ಮೊದಲು ಹುಲ್ಲಿನ ಮೇಲಿದ್ದದ್ದನ್ನು ಯಾರು ಬೇಕಾದರೂ ಒಯ್ಯಬಹುದು, ಯಾರೂ ಕೇಳುವುದಿಲ್ಲ. ಅವಳೇ ಎಷ್ಟು ಸಲ ಕುರ್ಚಿ ಎತ್ತಿಕೊಂಡು ಬಂದಿಲ್ಲ? ಹತ್ತು ನಿಮಿಷಕ್ಕೆ ಕ್ರೇಟುಗಳು ಮಾಯ!

ಹೋದರೆ ರೆಕಾರ್ಡು ಹೋಗಲಿ. ಆದರೆ ಚೀಟಿಗಳು? ಒಂಬತ್ತು ವರ್ಷ, ಯಾರಿಗೂ ಹೇಳದ್ದನ್ನೆಲ್ಲ ಆ ಚೀಟಿಗಳಲ್ಲಿ ಬರೆದಿದ್ದಳು. ಅದರಲ್ಲೂ ಕೆಂಪು ಕವರಿನೊಳಗಿನದು...



ಎರಡು ವರ್ಷದ ಹಿಂದೆ, ಕ್ರೊಯೇಷಿಯನ್ ಕ್ಲಬ್ಬಿನ ಹಾಲ್ ಗೊತ್ತುಮಾಡಿ, ಮುನ್ನೂರು ಜನರನ್ನು ಕರೆದು, ಮದುವೆಗೆ ಹದಿನೈದು ದಿನವಿರುವಾಗ ಅವಳು ಟೋಂಚಿಯನ್ನು ಬೇಡವೆಂದಿದ್ದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಕಾರಣ ಇದ್ದದ್ದು ಆ ಚೀಟಿಯಲ್ಲಿ ಮಾತ್ರ. ಈಗ ಈ ರೇಡಿಯೋದವನು ಅದನ್ನೂ ಓದಿಬಿಟ್ಟರೆ? ಈ ಕಾರ್ಯಕ್ರಮ ಮುಗಿದ ಕೂಡಲೇ ಕ್ರೊಯೇಷಿಯನ್ ಹಾಡುಗಳ ಗಂಟೆ. ಟೋಂಚಿಯ ತಾಯಿ ಹತ್ತು ನಿಮಿಷ ಮೊದಲೇ ರೇಡಿಯೋ ಹಾಕಿ ಕೂರುವವಳು!

ನಿವೆಸ್ ಸೈಕಲ್ ಹತ್ತಿದಳು. ರೇಡಿಯೋ ಸ್ಟುಡಿಯೋದ ಬಾಗಿಲ ಮೇಲೆ, ಪ್ರಸಾರ ನಡೆಯುತ್ತಿದೆ ಎಂಬ ಕೆಂಪು ದೀಪ ಉರಿಯುತ್ತಿತ್ತು. ಅವಳಿಗೆ ಅದೆಲ್ಲಿ ಕಾಣಬೇಕು!

"ರೀ! ಅದು ನನ್ನದು!"

ಆ ಕೂಗು ಇಡೀ ಊರಿಗೆ ಕೇಳಿಸಿತು. ಮೈಕಿನ ಮುಂದಿದ್ದವನು ಬೆಚ್ಚಿಬಿದ್ದ. ಎತ್ತರದ ಆಳು, ಬಿಸಿಲಿಗೆ ಸುಟ್ಟ ಮೂಗು. ಅವಸರವಸರವಾಗಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ, ಮೈಕ್ ಆರಿಸಿ, ಅವಳನ್ನೇ ದಿಟ್ಟಿಸಿದ.

"ನೀವು... ನೀವು ಬದುಕಿದೀರಾ?"

ಇದೆಂಥ ಪ್ರಶ್ನೆ!

"ಅಲ್ಲಾ ರೀ," ಅವನು ತೊದಲಿದ, "ಎರಡು ಕ್ರೇಟ್ ರೆಕಾರ್ಡು, ಒಂದೊಂದರಲ್ಲೂ ಕೈಬರಹದ ಚೀಟಿ. ಬದುಕಿರೋರು ಯಾರಾದ್ರೂ ಇದನ್ನ ರಸ್ತೆಬದೀಲಿ ಇಡ್ತಾರಾ? ಯಾರೋ ಅಜ್ಜಿ ತೀರ್ಕೊಂಡಿದಾರೆ, ಮಕ್ಕಳು ಮನೆ ಖಾಲಿ ಮಾಡಿದಾರೆ ಅಂದ್ಕೊಂಡೆ. ಅವರ ನೆನಪಿಗೆ ಅಂತ ಗುರುವಾರಕ್ಕೊಂದು ಓದ್ತಿದೀನಿ..."

"ಅಜ್ಜಿನಾ?! ನಂಗೆ ಮೂವತ್ಮೂರು!"

"ಕೈಬರಹ ನೋಡಿದ್ರೆ ಎಂಬತ್ತು ದಾಟಿರೋ ಹಾಗಿತ್ತು..."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ಒಂದು ಹೆಜ್ಜೆ ಮುಂದೆ ಬಂದಳು. "ಎಲ್ಲಾ ಚೀಟಿ ಓದಿದೀರಾ?"

"ಎಲ್ಲಾ."

"ಕೆಂಪು ಕವರಿಂದೂ?"

ಅವನು ಕಣ್ಣು ತಗ್ಗಿಸಿದ. "ಹೂಂ. ಆದ್ರೆ ರೇಡಿಯೋದಲ್ಲಿ ಓದಿಲ್ಲ. ಓದ್ತಾನೂ ಇರಲಿಲ್ಲ."

"ಯಾರಿಗೊತ್ತು! ವಿಳಾಸ ಬರ್ಕೊಳ್ಳಿ, ನಾಳೆ ಎರಡೂ ಕ್ರೇಟ್ ನನ್ನ ಮನೇಲಿರಬೇಕು. ಇನ್ನೊಂದು ಸಲ ನನ್ನ ಒಂದಕ್ಷರ ನಿಮ್ಮ ಬಾಯಲ್ಲಿ ಬಂದ್ರೆ ನೋಡಿ!"

ಅವನ ಹೆಸರು ರೋರಿ ಟ್ರೆಲೋರ್. ದ್ವೀಪಕ್ಕೆ ಹೋಗುವ ಫೆರಿಯಲ್ಲಿ ಕೆಲಸ, ಗುರುವಾರ ರೇಡಿಯೋ. ಮರುದಿನ ಕ್ರೇಟುಗಳನ್ನು ಬಾಗಿಲಲ್ಲಿಟ್ಟು, "ಕ್ಷಮಿಸಿ" ಎಂದಷ್ಟೇ ಹೇಳಿ ಹೋದ. ಹೋದದ್ದು ಒಳ್ಳೆಯದಾಯಿತು ಅಂದುಕೊಂಡಳು. ಅಂದುಕೊಂಡಳು, ಅಷ್ಟೇ.

ಭಾನುವಾರ ಬೆಳಗ್ಗೆ ಮೊದಲ ಚೀಟಿ ತೆಗೆದಳು. ಹಿಂಬದಿಯಲ್ಲಿ ಪೆನ್ಸಿಲಿನ ಅಕ್ಷರ! "ತಣ್ಣಗಾದ ಆ ಕಾಫಿಯನ್ನು ಕುಡಿದಿರೋ, ಚೆಲ್ಲಿದಿರೋ? ನಾನಾದರೆ ಕುಡಿಯುತ್ತಿದ್ದೆ."

ಏನು ಧೈರ್ಯ! ಅವಳ ಚೀಟಿಗೆ ಉತ್ತರ ಬರೆದಿದ್ದಾನೆ!

ಸಿಟ್ಟಿನಲ್ಲೇ ಇನ್ನೊಂದು ತೆಗೆದಳು. ಹಳದಿ ಕೋಟಿನ ಗಾಯಕಿಯ ರೆಕಾರ್ಡು. "ಹಾಡುವಾಗ ಇವಳಿಗೆ ಶೀತವಾಗಿತ್ತು, ಖಂಡಿತ" ಎಂದು ಅವಳು ಬರೆದಿದ್ದಳು. ಹಿಂದೆ ಅವನು: "ಶೀತವಲ್ಲ, ಅತ್ತಿದ್ದಾಳೆ. ಐದನೇ ಹಾಡಿನ ಕೊನೆಯಲ್ಲಿ ಮೂಗೆಳೆಯುವುದನ್ನು ಕೇಳಿ."

ಸುಳ್ಳು! ಅವಳು ರೆಕಾರ್ಡ್ ಹಾಕಿದಳು. ಐದನೇ ಹಾಡು ಮುಗಿಯಿತು... ಹಾಡು ನಿಂತ ಮೇಲೆ, ಒಂದು ಸಣ್ಣ ಬಿಕ್ಕು. ಒಂಬತ್ತು ವರ್ಷದಿಂದ ಅವಳು ಮುಂದಿನ ರೆಕಾರ್ಡಿಗೆ ಕೈಚಾಚುತ್ತಾ ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ಮೂರನೆಯದು ಅಜ್ಜ ತಾಯ್ನಾಡಾದ ಡಾಲ್ಮೇಷಿಯಾದಿಂದ ತಂದ ಗಂಡಸರ ಗುಂಪುಹಾಡು. "ಚಿಕ್ಕವಳಿದ್ದಾಗ ಇದು ಕೇಳಿದರೆ ಓಡಿಹೋಗುತ್ತಿದ್ದೆ. ಈಗ ಎಲ್ಲಕ್ಕಿಂತ ಕೆಳಗಿನ ದನಿ ಸೇರುವಾಗ ಇದ್ದಲ್ಲೇ ಕೂತುಬಿಡುತ್ತೇನೆ." ಹಿಂದೆ ಅವನು ಬರೆದದ್ದು ಒಂದೇ ಸಾಲು: "ನನಗೆ ಆ ಭಾಷೆ ಬಾರದು. ನಾನೂ ಕೂತೆ."

ನಿವೆಸ್ ಓದಿದಳು, ನಕ್ಕಳು, ಬೈದಳು, ಮತ್ತೆ ಓದಿದಳು. ಮಧ್ಯಾಹ್ನ ಊಟ ಮರೆತಳು. ಅರವತ್ತೆರಡು ರೆಕಾರ್ಡು, ಅರವತ್ತೊಂದು ಉತ್ತರ.

ಕೆಂಪು ಕವರಿನ ಚೀಟಿಯ ಹಿಂಬದಿ ಮಾತ್ರ ಖಾಲಿ.

ಅವಳು ಮುಂಬದಿ ತಿರುಗಿಸಿದಳು. "ಟೋಂಚಿ ಒಳ್ಳೆಯವನು. ಆದರೆ ಒಂದು ರೆಕಾರ್ಡನ್ನೂ ಕೊನೆಯವರೆಗೆ ಕೇಳಲಿಲ್ಲ, ನನ್ನ ಮಾತನ್ನೂ. ಇಷ್ಟಕ್ಕೆಲ್ಲ ಮದುವೆ ಮುರಿಯುತ್ತಾರೆಯೇ ಎಂದರೆ ಏನು ಹೇಳಲಿ? ಎರಡೂ ಬದಿ ಮುಗಿಯುವವರೆಗೆ ಜೊತೆಗೆ ಕೂರುವವನು ಯಾರಾದರೂ ಇದ್ದಾನೆಯೇ?"

ಇದಕ್ಕೆ ಅವನ ಬಳಿ ಒಂದು ಮಾತೂ ಇರಲಿಲ್ಲವೇ? ನನ್ನ ಬಗ್ಗೆ ಅಸಹ್ಯವಾಯಿತೇನೋ... ಕಲ್ಲು ಮನಸ್ಸಿನವಳು ಅಂದುಕೊಂಡನೇನೋ...

ಅಂದುಕೊಳ್ಳಲಿ! ಅವನು ನನಗೇನಾಗಬೇಕು?

ಸೋಮವಾರ ಹೊಲಿಗೆ ಅಂಕುಡೊಂಕಾಯಿತು. ಮಂಗಳವಾರ ಹಾಯಿಯನ್ನೇ ತಲೆಕೆಳಗು ಹೊಲಿದಳು. ಬುಧವಾರ ಲ್ಯೂಬಾಗೆ ಸಾಕಾಯಿತು.

"ಆ ಹಾಯಿ ಕಟ್ಕೊಂಡು ಹೊರಟೋನು ನೇರ ಸಮುದ್ರದ ತಳಕ್ಕೆ ಹೋಗ್ತಾನೆ. ನಿಂಗೇನಾಗಿದೆ ಹೇಳು."

"ಏನೂ ಇಲ್ಲ ತೇತಾ."

"ಏನೂ ಇಲ್ದಿದ್ರೆ ಫೆರಿ ಶಿಳ್ಳೆ ಹೊಡೆದಾಗೆಲ್ಲ ಕಿಟಕಿಗೆ ಯಾಕೆ ಓಡ್ತೀಯ? ಮದುವೆ ಬೇಡ ಅಂದಾಗ ನಾನು ಕಾರಣ ಕೇಳಿದ್ನಾ? ಇಲ್ಲ. ಈಗಲೂ ಕೇಳಲ್ಲ. ಎದ್ದು ಹೋಗು!"

ಅವಳು ಹೋದಳು. ಮಧ್ಯಾಹ್ನದ ಫೆರಿ ಆಗಷ್ಟೇ ದಡ ಮುಟ್ಟಿತ್ತು. ರೋರಿ ಬಗ್ಗಿ ಹಗ್ಗ ಬಿಗಿಯುತ್ತಿದ್ದ. ಪ್ರಯಾಣಿಕರು ಇಳಿದು ಹೋಗುವವರೆಗೂ ಕಾಯುವ ತಾಳ್ಮೆ ಅವಳಿಗೆಲ್ಲಿ?

"ಅರವತ್ತೊಂದಕ್ಕೆ ಬರೆದು ಒಂದಕ್ಕೆ ಯಾಕೆ ಬರೀಲಿಲ್ಲ?"

ಹಗ್ಗ ಅವನ ಕೈಯಿಂದ ಜಾರಿತು. "ಅಯ್ಯೋ, ಚೀಟಿ ಹಿಂದೆ ನೋಡಿದ್ರಾ? ಅಳಿಸೋಣ ಅಂದ್ಕೊಂಡೆ, ಮನಸ್ಸು ಬರಲಿಲ್ಲ..."

"ಕೇಳಿದ್ದಕ್ಕೆ ಉತ್ತರ ಹೇಳಿ! ಸಣ್ಣ ಕಾರಣಕ್ಕೆ ಮದುವೆ ಮುರಿದೋಳು, ಇವಳಿಗೇನು ಬರೆಯೋದು ಅಂತ ಅನ್ನಿಸ್ತಾ?"

"ಸಣ್ಣದಾ?" ಅವನ ದನಿ ಒಮ್ಮೆಲೇ ಏರಿತು. "ಮಾತು ಕೇಳಿಸ್ಕೊಳ್ಳದೋನ ಜೊತೆ ನಲವತ್ತು ವರ್ಷ! ಅದು ಸಣ್ಣದೇನ್ರೀ?"

ಎರಡು ವರ್ಷದಲ್ಲಿ ಯಾರೂ ನಿವೆಸ್‌ಗೆ ಆ ಮಾತು ಹೇಳಿರಲಿಲ್ಲ. ಅವಳೂ ತನಗೆ ತಾನು ಹೇಳಿಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು.

ರೋರಿ ತಲೆ ತಗ್ಗಿಸಿದ. "ಬೇರೆ ಚೀಟಿಗಳಲ್ಲಿ ನೀವು ಮಾತಾಡಿದ್ರಿ, ನಾನು ಎದುರು ಮಾತಾಡಿದೆ. ಇದರಲ್ಲಿ ನೀವು ಕೇಳಿದ್ರಿ. ಸತ್ತೋರಿಗೆ 'ನಾನಿದೀನಿ' ಅಂತ ಹೇಗೆ ಬರೆಯೋದು? ಪೆನ್ಸಿಲ್ ಹಿಡಿದೆ... ಅಳು ಬಂದ್ಬಿಡ್ತು. ಇಷ್ಟು ದೊಡ್ಡ ಗಂಡಸು, ಮುಖ ನೋಡದ ಅಜ್ಜಿಗೋಸ್ಕರ ಅತ್ತೆ! ಯಾಕೆ ಇಷ್ಟು ಬೇಗ ಹೋದ್ರೋ ಅಂತ ಬೈದೆ."

"ನಾನು ಸತ್ತಿಲ್ಲ ರೋರಿ..."

"ಗೊತ್ತು. ಸತ್ತೋರು ಇಷ್ಟು ಜಗಳ ಆಡಲ್ಲ."

ಅಳುತ್ತಲೇ ಅವಳಿಗೆ ನಗು ಬಂತು. ಹಗ್ಗದಿಂದ ಒರಟಾದ ಅವನ ಕೈಯನ್ನು ಹಿಡಿದುಕೊಂಡಳು.

"ಹಾಗಾದ್ರೆ ಈಗ ಹೇಳು."

"ನಾನಿದೀನಿ."

"ಎರಡೂ ಬದಿ?"

"ಎರಡೂ ಬದಿ," ಎಂದ ಅವನು. "ಎದ್ದು ಮಗುಚಿ ಹಾಕೋದೂ ನಾನೇ. ನೀನು ಕೂತಿರು."